ರಂಗಪ್ರಶ್ನೆ: ವಿಮರ್ಶಕರನ್ನು ಯಾವ ಪ್ರಯೋಗಕ್ಕೆ ಕರೆಯಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಊರಂಚಿನ ಬಡಾವಣೆಗಳ ಹವ್ಯಾಸಿ ತಂಡಗಳವು. ಸುತ್ತಿ ಬಳಸಿ ಎಲ್ಲರೂ ಕೇಳಿರುವುದು ಒಂದನ್ನೇ: ನಮ್ಮ ನಾಟಕದ ಬಗ್ಗೆ ಯಾರೂ ಬರೆಯುವುದಿಲ್ಲ, ಬರೆದರೆ ಹೀಗೆ ಬರೆದುಬಿಟ್ಟರು, ಏನು ಮಾಡೋಣ? ನಿರ್ದೇಶನ, ಬೆಳಕು, ಧ್ವನಿ, ವಿಮರ್ಶೆ ಈ ನಾಲ್ಕೂ ಕೆಲಸದಲ್ಲಿರುವವರು ಒಟ್ಟಿಗೆ ಕೂತು ಉತ್ತರ ಬರೆದಿದ್ದೇವೆ.

ಪ್ರಶ್ನೆ: ನಮ್ಮದು ಹದಿನೈದು ಜನರ ತಂಡ. ವರ್ಷಕ್ಕೊಂದು ಹೊಸ ನಾಟಕ. ನಾಲ್ಕು ವರ್ಷದಿಂದ ಪತ್ರಿಕೆಗಳಿಗೆ ಆಹ್ವಾನ ಕಳಿಸುತ್ತಿದ್ದೇವೆ. ಒಮ್ಮೆ ಮಾತ್ರ ಒಬ್ಬರು ಬಂದರು, ಅರ್ಧಕ್ಕೇ ಎದ್ದು ಹೋದರು. ಎಲ್ಲಿ ತಪ್ಪುತ್ತಿದ್ದೇವೆ? ಆಹ್ವಾನ ಪತ್ರಿಕೆ ಜೊತೆಗಿಟ್ಟಿದ್ದೇವೆ.
— ಯಲಹಂಕ ಉಪನಗರದ ತಂಡ

ಆ ಆಹ್ವಾನ ಪತ್ರಿಕೆಯಲ್ಲೇ ಅರ್ಧ ಉತ್ತರ ಇದೆ. ಮೇಲೆ ‘ಸಂಜೆ 6ಕ್ಕೆ’ ಎಂದಿದೆ. ಕೆಳಗೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಸೇರಿ ಏಳು ಹೆಸರು. ಆಮೇಲೆ ಮೂವರಿಗೆ ಸನ್ಮಾನ. ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ ‘ನಂತರ ನಾಟಕ’. ಎಷ್ಟು ಗಂಟೆಗೆ ಅಂತಿಲ್ಲ. ಏಳು ಜನ ತಲಾ ಎಂಟು ನಿಮಿಷ ಮಾತಾಡಿ, ಹಾರ, ಶಾಲು, ಫಲತಾಂಬೂಲ ಮುಗಿಯುವ ಹೊತ್ತಿಗೆ ಏಳೂವರೆ ದಾಟುತ್ತದೆ. ಎರಡು ಗಂಟೆಯ ನಾಟಕ ಮುಗಿಯುವುದು ಹತ್ತರ ಹತ್ತಿರ. ನಗರದ ಆ ತುದಿಯಿಂದ ಬಂದವರು ಬಸ್ಸಿನ ಚಿಂತೆಯಲ್ಲಿ ಎದ್ದು ಹೋದರೆ ಅದನ್ನು ನಾಟಕದ ಮೇಲಿನ ತೀರ್ಪು ಅಂದುಕೊಳ್ಳಬೇಡಿ.

ಸಭೆಯೇ ಬೇಡ ಎನ್ನುತ್ತಿಲ್ಲ. ಬಡಾವಣೆಯ ಹಿರಿಯರು ಕೈಹಿಡಿಯದೆ ಸಭಾಂಗಣದ ಬಾಡಿಗೆ ಹುಟ್ಟುವುದಿಲ್ಲ, ಅದು ನಮಗೂ ಗೊತ್ತು. ಸಭೆಯನ್ನು ನಾಟಕದ ನಂತರ ಹದಿನೈದು ನಿಮಿಷಕ್ಕಿಡಿ. ಆಗದಿದ್ದರೆ ಎರಡು ಹೊತ್ತನ್ನೂ ಬೇರೆಬೇರೆ ಅಚ್ಚು ಹಾಕಿಸಿ: ‘ಸಭೆ 5.30, ನಾಟಕ 7.00’. ಏಳಕ್ಕೆ ನಾಟಕ ಶುರುವಾಗುವ ಮೂರನೇ ಬೆಲ್ ಹೊಡೆದೇ ಹೊಡೆಯಿರಿ. 2004ರಲ್ಲಿ ಶುರುವಾದ ರಂಗಶಂಕರ ರಂಗಮಂದಿರ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿ, ತಡವಾಗಿ ಬಂದವರನ್ನು ಒಳಗೆ ಬಿಡದೆ ಬೆಂಗಳೂರಿನ ಪ್ರೇಕ್ಷಕರಿಗೆ ಅಭ್ಯಾಸ ಮಾಡಿಸಿತು. ಯಲಹಂಕದಲ್ಲೂ ಆಗುತ್ತದೆ, ಮೂರು ನಾಟಕ ಹಿಡಿಯಬಹುದು.

ಇನ್ನರ್ಧ ಉತ್ತರ ಇದಕ್ಕಿಂತ ಮುಖ್ಯ. ವರ್ಷಕ್ಕೊಂದು ನಾಟಕ, ಅದಕ್ಕೆ ಒಂದೇ ಪ್ರಯೋಗ ಎಂದಾದರೆ ವಿಮರ್ಶೆಯಿಂದ ಯಾರಿಗೇನು ಉಪಯೋಗ? ಓದಿದವರು ನೋಡಲು ಹೋಗುವಂತಿಲ್ಲ, ನೀವು ತಿದ್ದಿಕೊಳ್ಳುವಂತಿಲ್ಲ. ಪತ್ರಿಕೆಯವರು ಜಾಗ ಕೊಡಲು ಹಿಂದೆಮುಂದೆ ನೋಡುವುದಕ್ಕೆ ಇದೂ ಕಾರಣ. ಮೊದಲ ಪ್ರಯೋಗಕ್ಕೆ ಸಭಾಂಗಣ ಕಾದಿರಿಸುವ ದಿನವೇ, ಮೂರರಿಂದ ಐದು ವಾರದ ಅಂತರದಲ್ಲಿ ಎರಡನೆಯದಕ್ಕೂ ಕಾದಿರಿಸಿ. ಮೊದಲನೆಯದು ನಿಮ್ಮ ಬಡಾವಣೆಯಲ್ಲಿ ನಡೆಯಲಿ, ಎರಡನೆಯದು ಹನುಮಂತನಗರದ ಕೆ.ಎಚ್. ಕಲಾಸೌಧದಂಥ, ನಾಟಕದವರು ಓಡಾಡುವ ಕಡೆ. ವಿಮರ್ಶಕರನ್ನು ಕರೆಯಬೇಕಾದದ್ದು ಈ ಎರಡನೆಯದಕ್ಕೆ. ಮೂರನೆಯದಕ್ಕೂ ದಿನ ಗೊತ್ತಾಗಿದ್ದರೆ ಕಾಗದದಲ್ಲಿ ಅದನ್ನು ಮೊದಲ ಸಾಲಿನಲ್ಲೇ ಹಾಕಿ.

ಕಾಗದ 150 ಪದ ಮೀರದಿರಲಿ: ನಾಟಕ, ರಚನೆ, ನಿರ್ದೇಶನ, ನಾಟಕ ಎಷ್ಟು ಹೊತ್ತಿನದು, ಮಧ್ಯಂತರ ಇದೆಯೋ ಇಲ್ಲವೋ, ಸಭಾಂಗಣ, ಹತ್ತಿರದ ಬಸ್ ಅಥವಾ ಮೆಟ್ರೋ ನಿಲ್ದಾಣ, ಫೋನ್ ಎತ್ತುವ ಒಬ್ಬರ ನಂಬರ್. ಮಾಸಪತ್ರಿಕೆಗೆ ಆರು ವಾರ ಮುಂಚೆ, ದಿನಪತ್ರಿಕೆಗೆ ಹತ್ತು ದಿನ ಮುಂಚೆ ಕಳಿಸಿ. ಎರಡು ದಿನ ಇರುವಾಗ ಒಮ್ಮೆ ನೆನಪಿಸಿ, ಹೆಚ್ಚು ಬೇಡ. ಜೊತೆಗೆ ನಾಲ್ಕು ಫೋಟೋ. ಸಾಲಾಗಿ ನಿಂತು ಕೈಮುಗಿದದ್ದಲ್ಲ, ವೇಷಭೂಷಣ ಮತ್ತು ಬೆಳಕಿನ ಸಮೇತ ಗ್ರ್ಯಾಂಡ್ ರಿಹರ್ಸಲ್‌ನಲ್ಲಿ ತೆಗೆದದ್ದು. ಎಡದಿಂದ ಬಲಕ್ಕೆ ಯಾರು ಯಾರು, ಯಾವ ಪಾತ್ರ ಎಂಬುದನ್ನು ಫೋಟೋದ ಕೆಳಗೇ ಬರೆಯಿರಿ. ಈ ಒಂದು ಸಾಲು ಇಲ್ಲದ್ದಕ್ಕೇ ಎಷ್ಟೋ ಒಳ್ಳೆಯ ಫೋಟೋಗಳು ಅಚ್ಚಾಗದೆ ಹೋಗುತ್ತವೆ.

ಬಂದವರಿಗೆ ಐದನೇ ಅಥವಾ ಆರನೇ ಸಾಲಿನಲ್ಲಿ, ಓಡಾಡುವ ದಾರಿಯ ಪಕ್ಕದ ಕುರ್ಚಿ ಕೊಡಿ. ಮುಂದಿನ ಸಾಲಿನ ಸೋಫಾದಿಂದ ನಟರ ಕಾಲು ಕಾಣುತ್ತದೆ, ರಂಗದ ಆಳ ಕಾಣುವುದಿಲ್ಲ. ಹಾರ ಹಾಕಬೇಡಿ. ‘ಎರಡು ಮಾತಾಡಿ ಸರ್’ ಎಂದು ವೇದಿಕೆ ಹತ್ತಿಸಬೇಡಿ. ಅಲ್ಲಿ ಹೊಗಳಿ ಬಂದವರಿಗೆ ನಾಳೆ ಬೇರೆ ಬರೆಯುವುದು ಕಷ್ಟವಾಗುತ್ತದೆ, ಕೊನೆಗೆ ಏನನ್ನೂ ಬರೆಯುವುದಿಲ್ಲ.

ಪ್ರಶ್ನೆ: ‘ಸಂಭಾಷಣೆ ಅರ್ಧಕ್ಕರ್ಧ ಕೇಳಿಸಲಿಲ್ಲ’ ಎಂದು ವಿಮರ್ಶೆಯಲ್ಲಿ ಬಂತು. 30 ಅಡಿ ಅಗಲದ ವೇದಿಕೆಗೆ ನಾಲ್ಕು ಮೈಕ್ ಹಾಕಿದ್ದೆವು. ನಟರೆಲ್ಲ ಗಟ್ಟಿ ದನಿಯವರೇ. ಇದನ್ನು ಒಪ್ಪುವುದು ಹೇಗೆ?
— ಕೆಂಗೇರಿ ಉಪನಗರದ ಓದುಗರು

ನಾಲ್ಕು ಮೈಕ್ ಇದ್ದದ್ದೇ ಒಂದು ಕಾರಣವಿರಬಹುದು. ಒಬ್ಬ ನಟನ ದನಿ ಎರಡು ಮೈಕಿಗೆ ಹೆಚ್ಚುಕಮ್ಮಿ ಒಂದೇ ಬಲದಲ್ಲಿ, ಕೂದಲೆಳೆಯಷ್ಟು ಹಿಂದುಮುಂದಾಗಿ ತಲುಪಿದರೆ ಕೊಡದೊಳಗಿಂದ ಮಾತಾಡಿದ ಹಾಗೆ ಟೊಳ್ಳಾಗಿ ಕೇಳುತ್ತದೆ. ನಟರಿಗೂ ಮೈಕಿಗೂ ಎಷ್ಟು ದೂರವೋ ಅದರ ಮೂರು ಪಟ್ಟು ಮೈಕಿಗೂ ಮೈಕಿಗೂ ಇರಬೇಕು. ನಟರು ನಾಲ್ಕು ಅಡಿಯಲ್ಲಿ ನಿಂತರೆ ಮೈಕುಗಳ ನಡುವೆ 12 ಅಡಿ. ನಿಮ್ಮ ವೇದಿಕೆಗೆ ಎಡತುದಿಯಿಂದ 3, 15 ಮತ್ತು 27ನೇ ಅಡಿಗಳಲ್ಲಿ ಮೂರು ಸಾಕು. ನಾಲ್ಕನೆಯದನ್ನು ಪೆಟ್ಟಿಗೆಯಿಂದ ತೆಗೆಯಬೇಡಿ. ನೆಲದ ಮೈಕಿನ ಕೆಳಗೆ ಒಂದಂಗುಲ ದಪ್ಪದ ಫೋಮ್ ಇಡಿ, ಪ್ಲೈವುಡ್ ಮೇಲಿನ ಹೆಜ್ಜೆಸದ್ದು ತಗ್ಗುತ್ತದೆ. ಸ್ಪೀಕರುಗಳು ಮೈಕಿನ ಸಾಲಿಗಿಂತ ಪ್ರೇಕ್ಷಕರ ಕಡೆಗೇ ಇರಲಿ, ಇಲ್ಲದಿದ್ದರೆ ಕೂಗುತ್ತವೆ.

ಸಮುದಾಯ ಭವನ ಎಂದರೆ ಟೈಲ್ಸ್ ನೆಲ, ಎದುರುಬದುರು ಬರಿಗೋಡೆ, ಮೇಲೆ ಶೀಟು. ಖಾಲಿ ಸಭಾಂಗಣದಲ್ಲಿ ವೇದಿಕೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಒಂದು ಸೆಕೆಂಡ್ ಮೀರಿ ಗುಂಯ್‌ಗುಟ್ಟಿದರೆ ಗಟ್ಟಿಯಾಗಿ ಮಾತಾಡಿದಷ್ಟೂ ಮಾತು ಕಲಸಿಹೋಗುತ್ತದೆ. ಅಂಥಲ್ಲಿ ದನಿ ಏರಿಸುವುದಲ್ಲ, ಮಾತಿನ ಓಟ ತಗ್ಗಿಸಬೇಕು. ಪ್ರೇಕ್ಷಕರ ಹಿಂದಿನ ಗೋಡೆಗೆ ದಪ್ಪ ಪರದೆಯನ್ನು ನೆರಿಗೆ ಬರುವಂತೆ, ಗೋಡೆಗೆ ಅಂಟಿಸದೆ ನಾಲ್ಕೈದು ಅಂಗುಲ ಬಿಟ್ಟು ಇಳಿಬಿಡಿ. ಹಳೆಯ ಜಮಖಾನೆಯಾದರೂ ನಡೆಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಒಂದು ದೋಷ ಯಂತ್ರದ್ದಲ್ಲ, ನಮ್ಮ ಭಾಷೆಯ ಸ್ವಭಾವದ್ದು. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಹೌದೋ ಅಲ್ಲವೋ, ಕೇಳಿದ್ದೋ ಹೇಳಿದ್ದೋ, ಯಾರು ಮಾಡಿದ್ದು, ಎಲ್ಲವೂ ವಾಕ್ಯದ ಬಾಲದಲ್ಲಿ. ‘ಅವನು ಬರ್ತೀನಿ ಅಂದ’, ‘ಅವನು ಬರ್ತೀನಿ ಅನ್ನಲಿಲ್ಲ’: ‘ಬರ್ತೀನಿ’ವರೆಗೆ ಎರಡೂ ಒಂದೇ. ಉಸಿರು ಮುಗಿಯುತ್ತ ಬಂದ ನಟ ದನಿ ಇಳಿಸುವುದು ಸರಿಯಾಗಿ ಆ ಬಾಲದಲ್ಲೇ. ಗಟ್ಟಿ ದನಿಯವರಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಅವರು ಮೊದಲ ಪದಕ್ಕೇ ಉಸಿರೆಲ್ಲ ಸುರಿದಿರುತ್ತಾರೆ. ನಾಟಕ ಗೊತ್ತಿಲ್ಲದ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ ಕೈಗೆ ಪ್ರತಿ ಕೊಡಿ. ಕಣ್ಣು ಪ್ರತಿಯ ಮೇಲೆ ಬೇಡ, ವೇದಿಕೆಯ ಮೇಲಿರಲಿ. ಬಾಲ ಕೇಳಿಸದಾಗ ಮಾತ್ರ ಪ್ರತಿ ನೋಡಿ ಆ ಸಾಲಿಗೆ ಒಂದು ಗೀಟು ಹಾಕಲಿ. ಗೀಟು ಬಿದ್ದ ಸಾಲುಗಳನ್ನು ನಟರು ಕೊನೆಯ ಪದದಿಂದ ಹಿಂದಕ್ಕೆ ಕಟ್ಟಿಕೊಂಡು ಅಭ್ಯಾಸ ಮಾಡಲಿ: ‘ಅನ್ನಲಿಲ್ಲ’, ‘ಬರ್ತೀನಿ ಅನ್ನಲಿಲ್ಲ’, ‘ಅವನು ಬರ್ತೀನಿ ಅನ್ನಲಿಲ್ಲ’. ಒಂದು ವಾರ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ನಿಮ್ಮ ವಿಮರ್ಶಕರು ಅರ್ಧ ಕೇಳಿಸಲಿಲ್ಲ ಎಂದದ್ದು ಈ ಅರ್ಧವೇ ಇರಬೇಕು.

ಪ್ರಶ್ನೆ: ‘ನಟರ ಮುಖಕ್ಕಿಂತ ಹಿಂಪರದೆಯ ಮೇಲಿನ ನೆರಳುಗಳೇ ಚೆನ್ನಾಗಿ ಕಂಡವು’ ಎಂದು ಬರೆದಿದ್ದಾರೆ. ನಮ್ಮಲ್ಲಿರುವುದು ಎಂಟೇ ಲೈಟು.
— ವಿದ್ಯಾರಣ್ಯಪುರ

ಎಂಟು ಕಡಿಮೆಯೇನಲ್ಲ. ಎಲ್ಲಿ ಕಟ್ಟಿದ್ದೀರಿ ಎಂಬುದನ್ನು ನೋಡಬೇಕು. ನೀವು ಕಳಿಸಿದ ನಕ್ಷೆಯಲ್ಲಿ ಮುಂಬೆಳಕಿನ ಕಂಬಗಳು ನಟರಿಂದ 25 ಅಡಿ ದೂರದಲ್ಲಿವೆ, ಎತ್ತರ 16 ಅಡಿ. ವೇದಿಕೆ ಮೂರಡಿ, ನಟರ ಮುಖ ಅದರ ಮೇಲೆ ಐದಡಿ, ಒಟ್ಟು ಎಂಟು. ಅಂದರೆ ಲೈಟು ಮುಖಕ್ಕಿಂತ ಎಂಟೇ ಅಡಿ ಮೇಲಿದೆ. ಆ ದೂರದಿಂದ ಬೆಳಕು ಬೀಳುವ ಕೋನ 18 ಡಿಗ್ರಿ ಅಷ್ಟೇ. ಬೆಳಕು ಹಾಗೆ ಅಡ್ಡಡ್ಡ ಹೊಡೆದಾಗ ನೆರಳು ನೆಲಕ್ಕೆ ಬೀಳದೆ ನೆಟ್ಟಗೆ ಪರದೆಗೆ ಹೋಗುತ್ತದೆ. ಕಂಬವನ್ನು ನಟರಿಂದ ಎಂಟರಿಂದ ಹನ್ನೊಂದು ಅಡಿಯೊಳಗೆ ತನ್ನಿ, ಕೋನ 45ರಿಂದ 36 ಡಿಗ್ರಿಯ ನಡುವೆ ಬರುತ್ತದೆ, ನೆರಳು ನಟರ ಹಿಂದೆ ನೆಲದಲ್ಲೇ ಮುಗಿಯುತ್ತದೆ. ಅಷ್ಟು ಹತ್ತಿರ ಕಂಬ ನಿಂತರೆ ಪ್ರೇಕ್ಷಕರಿಗೆ ಅಡ್ಡವಾಗುತ್ತದೆ ಎಂದಾದರೆ ಎರಡೂ ಪಕ್ಕದ ಗೋಡೆಯ ಬದಿಗೆ ನಿಲ್ಲಿಸಿ ಓರೆಯಾಗಿ ಹೊಡೆಯಿರಿ. ನಟರೂ ಹಿಂಪರದೆಯಿಂದ ಎಂಟಡಿ ಮುಂದೆಯೇ ಆಡಲಿ.

ಎಂಟರಲ್ಲಿ ನಾಲ್ಕು ಮುಂದಿನಿಂದ, ಎಡಕ್ಕೆರಡು ಬಲಕ್ಕೆರಡು. ಎರಡು ಹಿಂದಿನಿಂದ ಭುಜದ ಮೇಲೆ ಬೀಳಲಿ, ನಟರು ಪರದೆಯಿಂದ ಬಿಡಿಸಿಕೊಂಡು ಕಾಣುತ್ತಾರೆ. ಉಳಿದೆರಡನ್ನು ಮುಖ್ಯ ದೃಶ್ಯಗಳಿಗೆ ಇಟ್ಟುಕೊಳ್ಳಿ. ಬಣ್ಣಕ್ಕೆ ಅಲಂಕಾರದ ಅಂಗಡಿಯ ಬಣ್ಣದ ಹಾಳೆ ಹಾಕಬೇಡಿ, ಹ್ಯಾಲೊಜೆನ್ ಶಾಖಕ್ಕೆ ಕೆಲವೇ ನಿಮಿಷದಲ್ಲಿ ಸುರುಟಿ ಹೊಗೆಯಾಡುತ್ತದೆ. ಶಾಖ ತಡೆಯುವ, ದೀಪಕ್ಕೆಂದೇ ಇರುವ ‘ಜೆಲಟಿನ್’ ಬಣ್ಣದ ಹಾಳೆ ಕೇಳಿ ಪಡೆಯಿರಿ. ಕಡುಗೆಂಪು ಬೆಳಕಿನಲ್ಲಿ ಕುಂಕುಮ ಮಾಯವಾಗುತ್ತದೆ, ಹಸಿರು ಸೀರೆ ಕಪ್ಪಾಗುತ್ತದೆ. ವೇಷಭೂಷಣದವರನ್ನು ಕೂರಿಸಿಕೊಂಡೇ ಬಣ್ಣ ಆರಿಸಿ.

ಸಾವಿರ ವ್ಯಾಟಿನ ದೀಪ 230 ವೋಲ್ಟಿನಲ್ಲಿ ನಾಲ್ಕೂ ಕಾಲು ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. 16 ಆಂಪಿಯರ್ ಸಾಕೆಟ್ಟಿಗೆ ಮೂರಕ್ಕಿಂತ ಹೆಚ್ಚು ಬೇಡ. ಧ್ವನಿಯವರಿಗೆ ಬೇರೆ ವಿದ್ಯುತ್ ಲೈನು ಕೊಡಿ. ಡಿಮ್ಮರಿನ ತಂತಿಯೂ ಮೈಕಿನ ತಂತಿಯೂ ಜೊತೆಜೊತೆಯಾಗಿ ಓಡಿದರೆ ದೀಪ ಮಂಕಾದಾಗಲೆಲ್ಲ ಸ್ಪೀಕರು ಗುಂಯ್ ಎನ್ನುತ್ತದೆ. ದಾಟಲೇಬೇಕಾದ ಕಡೆ ಅಡ್ಡ ದಾಟಿಸಿ.

ಪ್ರಶ್ನೆ: ಉತ್ತರ ಕರ್ನಾಟಕದ ಮಾತಿನ ನಾಟಕವೊಂದನ್ನು ಆಡಿದೆವು. ‘ಭಾಷೆ ಎಲ್ಲಿಯದೂ ಅಲ್ಲ’ ಎಂದರು. ತಂಡದಲ್ಲಿ ಬಹುತೇಕ ಎಲ್ಲರೂ ಬೆಂಗಳೂರಿನವರು. ಇಂಥ ನಾಟಕ ನಾವು ಆಡಲೇಬಾರದೆ?
— ರಾಜರಾಜೇಶ್ವರಿ ನಗರ

ಖಂಡಿತ ಆಡಿ. ಆದರೆ ‘ಉತ್ತರ ಕರ್ನಾಟಕದ ಭಾಷೆ’ ಎಂಬ ಒಂದೇ ಭಾಷೆ ಇಲ್ಲ, ಕಷ್ಟ ಶುರುವಾಗುವುದೇ ಅಲ್ಲಿಂದ. ಒಂದೇ ಪಾತ್ರದ ಬಾಯಲ್ಲಿ ಒಂದು ಸಾಲಿಗೆ ‘ಮಾಡಾಕತ್ತೀನಿ’, ಮುಂದಿನದಕ್ಕೆ ‘ಮಾಡ್ಲಿಕ್ಕತ್ತೀನಿ’, ಸಿಟ್ಟು ನೆತ್ತಿಗೇರಿದಾಗ ‘ಮಾಡ್ತಾ ಇದೀನಿ’ ಬಂದರೆ ಆ ಕಡೆಯವರ ಕಿವಿಗೆ ಮೂರು ಊರು ಒಟ್ಟಿಗೆ ಮಾತಾಡಿದ ಹಾಗಾಗುತ್ತದೆ. ಮೊದಲು ಪಾತ್ರಗಳ ಊರು, ಮನೆತನ, ಕಸುಬು ಗೊತ್ತುಮಾಡಿಕೊಳ್ಳಿ. ಆ ಊರಿನವರೊಬ್ಬರಿಂದ ಇಡೀ ನಾಟಕ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಎಲ್ಲರಿಗೂ ಹಂಚಿ. ಅಭಿನಯಿಸುತ್ತ ಓದುವುದು ಬೇಡ, ಮನೆಯಲ್ಲಿ ಮಾತಾಡುವ ಹಾಗೆ ಸಾದಾ ಓದಲಿ. ತಾಲೀಮಿನಲ್ಲಿ ಭಾಷೆಯ ಕೆಲಸ ಜಗಳ ಮತ್ತು ಅಳುವಿನ ದೃಶ್ಯಗಳಿಂದ ಶುರುವಾಗಲಿ. ನಟರು ತಮ್ಮ ಮನೆಮಾತಿಗೆ ಜಾರುವುದು ಭಾವ ಉಕ್ಕಿದಾಗಲೇ. ಪ್ರತಿ ವಾಕ್ಯಕ್ಕೂ ‘ರೀ’ ಅಂಟಿಸುವುದನ್ನು ಇವತ್ತೇ ಬಿಡಿ. ಗಂಡ ಹೆಂಡತಿಗೆ, ಗೆಳೆಯ ಗೆಳೆಯನಿಗೆ ಹಾಗೆ ಮಾತಾಡುವುದಿಲ್ಲ, ‘ಲೇ’, ‘ಯಪ್ಪಾ’, ‘ಯವ್ವಾ’, ‘ಅಣ್ಣಾರ’ ಎಲ್ಲಕ್ಕೂ ಅವುಗಳದೇ ಜಾಗ ಇದೆ.

ಪ್ರಶ್ನೆ: ಮೂರು ಗಂಟೆಯ ಹಳೆಯ ನಾಟಕವನ್ನು ಒಂದೂವರೆ ಗಂಟೆಗೆ ಇಳಿಸಿದ್ದಕ್ಕೆ ‘ಅನುಮತಿ ಪಡೆದಿದ್ದಾರೆಯೇ?’ ಎಂದು ವಿಮರ್ಶೆಯಲ್ಲಿ ಕೇಳಿದ್ದಾರೆ. ಅನುಮತಿ ಯಾವಾಗ ಬೇಕು?
— ತುಮಕೂರು

ಬರೆದವರು ತೀರಿಕೊಂಡ ಮುಂದಿನ ವರ್ಷದ ಮೊದಲ ದಿನದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರ ಬಾಳಿನಲ್ಲಿ ಪ್ರಕಟವಾದ ನಾಟಕಗಳು 2007ರಿಂದ ಎಲ್ಲರಿಗೂ ಮುಕ್ತ. ಶ್ರೀರಂಗರು ತೀರಿಕೊಂಡದ್ದು 1984ರಲ್ಲಿ, ಅವರವಕ್ಕೆ 2044ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಶೇಕ್ಸ್‌ಪಿಯರ್ ಮುಕ್ತ, ಆದರೆ ನೀವು ಆಡುವ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕೃತಿಯನ್ನು ಲೇಖಕರ ಗೌರವಕ್ಕೆ ಕುಂದು ಬರುವಂತೆ ತಿರುಚುವುದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಒಪ್ಪಿಗೆ ಕೇಳುವಾಗಲೇ ಯಾವ ದೃಶ್ಯ ಬಿಡುತ್ತೀರಿ, ಯಾವ ಪಾತ್ರ ಸೇರಿಸುತ್ತೀರಿ ಎಂದು ಬರೆಯಿರಿ. ಕರಪತ್ರದಲ್ಲಿ ‘ಸಂಕ್ಷಿಪ್ತ ರಂಗಪಠ್ಯ’ ಎಂದು ಹಾಕಿ, ಸಂಕ್ಷೇಪಿಸಿದವರ ಹೆಸರನ್ನೂ ಕೊಡಿ.

ಪ್ರಶ್ನೆ: ವಿಮರ್ಶೆಯ ಸಾಲನ್ನು ಪೋಸ್ಟರಿನಲ್ಲಿ ಹಾಕಿಕೊಳ್ಳಬಹುದೇ?
— ದಾವಣಗೆರೆ

ಧಾರಾಳವಾಗಿ, ಪತ್ರಿಕೆಯ ಮತ್ತು ಬರೆದವರ ಹೆಸರಿನೊಡನೆ. ಆದರೆ ವಾಕ್ಯವನ್ನು ‘ಆದರೆ’ಯ ಮುಂಚೆ ಕತ್ತರಿಸಬೇಡಿ. ‘ಮೊದಲ ಭಾಗ ಬಿಗಿಯಾಗಿದೆ, ಆದರೆ ಎರಡನೆಯದು ಎಳೆದಂತಾಗಿದೆ’ ಎಂಬುದರಿಂದ ‘ಬಿಗಿಯಾಗಿದೆ’ ಒಂದನ್ನೇ ಕಿತ್ತು ದಪ್ಪಕ್ಷರದಲ್ಲಿ ಹಾಕಿದರೆ ಅದು ಮೋಸ. ಬರೆದವರು ಅದನ್ನು ನೋಡೇ ನೋಡುತ್ತಾರೆ, ಮುಂದಿನ ನಾಟಕಕ್ಕೆ ಬರುವುದಿಲ್ಲ.

ಪ್ರಶ್ನೆ: ನಮ್ಮ ನಿರ್ದೇಶಕರಿಗೆ ವಿಮರ್ಶೆ ಓದಿ ಬೇಸರವಾಗಿ ತಾಲೀಮಿಗೇ ಬರುತ್ತಿಲ್ಲ. ಪತ್ರಿಕೆಗೆ ಉತ್ತರ ಬರೆಯಲೇ?
— ಹೆಸರು ಬೇಡ, ಮೈಸೂರು

ಹೆಸರು, ವರ್ಷ, ಯಾವ ಪಾತ್ರ ಯಾರು ಮಾಡಿದ್ದು ಎಂಬಂಥವು ತಪ್ಪಿದ್ದರೆ ಎರಡು ಮೂರು ದಿನದೊಳಗೆ ಐವತ್ತು ಪದದಲ್ಲಿ ತಿದ್ದುಪಡಿ ಕಳಿಸಿ. ಅಭಿಪ್ರಾಯಕ್ಕೆ ಉತ್ತರ ಬರೆಯಬೇಡಿ. ನಾಲ್ಕು ದಿನ ಬಿಟ್ಟು ತಂಡವೆಲ್ಲ ಕೂತು, ನಿರ್ದೇಶಕರಲ್ಲದ ಒಬ್ಬರು ಆ ವಿಮರ್ಶೆಯನ್ನು ಗಟ್ಟಿಯಾಗಿ ಓದಲಿ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಇದು ಅವರು ಕಂಡದ್ದೋ, ಕೇಳಿದ್ದೋ, ಅಥವಾ ಅವರಿಗೆ ಅನ್ನಿಸಿದ್ದೋ? ‘ಮೂರನೇ ದೃಶ್ಯದ ನಂತರ ಕತ್ತಲು ಬಹಳ ಹೊತ್ತು ಇತ್ತು’ ಎಂಬುದು ಕಂಡದ್ದು. ವಿಡಿಯೋ ಹಾಕಿ ಗಡಿಯಾರ ಹಿಡಿಯಿರಿ. 40 ಸೆಕೆಂಡ್ ಇದ್ದರೆ ಅವರು ಹೇಳಿದ್ದು ನಿಜ. ಮಂಚ ಎತ್ತಲು ಇಬ್ಬರ ಬದಲು ನಾಲ್ವರನ್ನು ಹಾಕಿ, ನೆಲಕ್ಕೆ ಹೊಳೆಯುವ ಟೇಪಿನ ಗುರುತು ಅಂಟಿಸಿ, ಹತ್ತು ಸೆಕೆಂಡಿಗೆ ಇಳಿಸಿ. ‘ನಾಟಕಕ್ಕೆ ಆತ್ಮವಿರಲಿಲ್ಲ’ ಎಂಬುದು ಅನ್ನಿಸಿದ್ದು. ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ, ಇನ್ನೂ ಇಬ್ಬರು ಅದೇ ಮಾತು ಹೇಳಿದರೆ ಆಗ ಕೂತು ಯೋಚಿಸಿ. ನಿರ್ದೇಶಕರನ್ನು ಕರೆತರಲು ಮುಂದಿನ ಪ್ರಯೋಗದ ದಿನಾಂಕ ಹೇಳಿ, ಮಂಚದ ವಿಷಯದಿಂದಲೇ ಮಾತು ತೆಗೆಯಿರಿ.

ಪ್ರಶ್ನೆ: ನಮ್ಮ ಬಡಾವಣೆಯ ನಾಟಕಗಳ ಬಗ್ಗೆ ನಾನೇ ಬರೆಯಬೇಕೆಂದಿದ್ದೇನೆ. ತಂಡದವರೆಲ್ಲ ಪರಿಚಿತರೇ. ಹೇಗೆ ಬರೆಯಲಿ?
— ಗೃಹಿಣಿ, ಹೆಸರಘಟ್ಟ ರಸ್ತೆ

ನಿಮ್ಮಂಥವರು ಬರೆಯಬೇಕು. ಪೇಟೆಯ ವಿಮರ್ಶಕರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು, ನೀವು ಒಂದೇ ನಟಿಯನ್ನು ಐದು ಪಾತ್ರಗಳಲ್ಲಿ ನೋಡಿರುತ್ತೀರಿ. ತಂಡದವರು ಪರಿಚಿತರು ಎಂಬುದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ. ನಿಮ್ಮ ಮನೆಯವರು ಪಾತ್ರ ಮಾಡಿದ ನಾಟಕದ ಬಗ್ಗೆ ಬರೆಯಬೇಡಿ.

ಇಪ್ಪತ್ತು ನಿಮಿಷ ಮುಂಚೆ ಹೋಗಿ ರಂಗಸಜ್ಜಿಕೆ ನೋಡಿ. ಕರಪತ್ರದಲ್ಲಿರುವ ನಿರ್ದೇಶಕರ ಮಾತನ್ನು ನಾಟಕ ಮುಗಿದ ಮೇಲೆ ಓದಿ, ಇಲ್ಲದಿದ್ದರೆ ಅವರು ಮಾಡಲು ಬಯಸಿದ್ದನ್ನೇ ನೀವು ಕಂಡಂತೆ ಬರೆಯುತ್ತೀರಿ. ಕತ್ತಲಲ್ಲಿ ಬರೆಯಲು ಪುಟಕ್ಕೆ ನಾಲ್ಕೇ ಪದ, ದೊಡ್ಡಕ್ಷರದಲ್ಲಿ. ಫೋನ್ ತೆಗೆಯಬೇಡಿ, ಅದರ ಬೆಳಕು ಹಿಂದಿನ ಮೂರು ಸಾಲಿಗೆ ಕಣ್ಣು ಕುಕ್ಕುತ್ತದೆ. ಆ ರಾತ್ರಿಯೇ ನೆನಪಿದ್ದಷ್ಟನ್ನು ಬರೆದಿಟ್ಟು ಮರುದಿನ ತಿದ್ದಿ.

ಐನೂರು ಪದದ ವಿಮರ್ಶೆಯಲ್ಲಿ ಕಥೆಗೆ ಎಂಬತ್ತು ಪದ ಸಾಕು. ‘ಪಾತ್ರಕ್ಕೆ ಜೀವ ತುಂಬಿದರು’, ‘ನ್ಯಾಯ ಒದಗಿಸಿದರು’, ‘ಪ್ರೇಕ್ಷಕರ ಮನಸೂರೆಗೊಂಡಿತು’, ‘ಅಚ್ಚುಕಟ್ಟಾಗಿ ಮೂಡಿಬಂತು’ ಎಂಬ ನಾಲ್ಕನ್ನು ಬರೆಯುವುದಿಲ್ಲ ಎಂದು ಶಪಥ ಮಾಡಿ. ಯಾವ ನಾಟಕಕ್ಕೆ ಬೇಕಾದರೂ ಹೊಂದುವ ಮಾತು ಯಾವ ನಾಟಕದ ಬಗ್ಗೆಯೂ ಏನೂ ಹೇಳುವುದಿಲ್ಲ. ಆ ಜಾಗದಲ್ಲಿ ಒಂದು ಗಳಿಗೆಯನ್ನು ಪೂರ್ತಿ ಬರೆಯಿರಿ: ಮಗನ ಕಾಗದ ಬಂದಾಗ ತಾಯಿಯ ಪಾತ್ರದವರು ಓದಲಿಲ್ಲ, ಸೆರಗಿಗೆ ಕೈ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ಕಾಗದವನ್ನು ಅಕ್ಕಿ ಡಬ್ಬದ ಮೇಲಿಟ್ಟು ಒಲೆಯ ಕಡೆ ತಿರುಗಿದರು. ಹೀಗೆ ಬರೆದರೆ ಓದಿದವರಿಗೆ ನಟನೆ ಕಾಣುತ್ತದೆ. ಆ ನಟಿಗೂ ತಾನು ಮಾಡಿದ್ದರಲ್ಲಿ ಪ್ರೇಕ್ಷಕರಿಗೆ ತಲುಪಿದ್ದು ಯಾವುದೆಂದು ತಿಳಿಯುತ್ತದೆ. ದೋಷವನ್ನೂ ಇಷ್ಟೇ ಹತ್ತಿರದಿಂದ ಬರೆಯಿರಿ. ಬೆಳಕು, ಪ್ರಸಾಧನ, ಸಂಗೀತದವರ ಹೆಸರನ್ನು ಪಟ್ಟಿ ಮಾಡಿ ಕೈತೊಳೆದುಕೊಳ್ಳಬೇಡಿ, ಒಬ್ಬರ ಕೆಲಸದ ಬಗ್ಗೆಯಾದರೂ ಎರಡು ವಾಕ್ಯ ಇರಲಿ.

ಪ್ರಶ್ನೆ: ನಮ್ಮ ಕನ್ನಡ ನಾಟಕಕ್ಕೆ ಮರಾಠಿ ಪತ್ರಿಕೆಯ ವಿಮರ್ಶಕರು ಬರುತ್ತೇನೆಂದಿದ್ದಾರೆ. ಅವರಿಗೆ ಕನ್ನಡ ಬಾರದು.
— ಡೊಂಬಿವಲಿ, ಮುಂಬೈ ಬಳಿ

ಪಕ್ಕದಲ್ಲಿ ಕೂತು ಪಿಸುಗುಟ್ಟಿ ಅನುವಾದಿಸಲು ಯಾರನ್ನೂ ಹಚ್ಚಬೇಡಿ, ಅವರಿಗೆ ಎರಡು ಕಡೆಯೂ ತಪ್ಪುತ್ತದೆ. ದೃಶ್ಯಕ್ಕೆ ಮೂರು ಸಾಲಿನಂತೆ ಮರಾಠಿಯಲ್ಲಿ ಸಾರಾಂಶ ಬರೆದು ಎರಡು ದಿನ ಮುಂಚೆ ಕಳಿಸಿ. ಹಾಡು ಮತ್ತು ಗಾದೆಗಳನ್ನು ಮಾತ್ರ ಪೂರ್ತಿ ಅನುವಾದಿಸಿ. ಪರದೆಯ ಮೇಲೆ ಅನುವಾದದ ಸಾಲು ತೋರಿಸುವುದಾದರೆ ಒಮ್ಮೆಗೆ ಎರಡೇ ಸಾಲು, ಸಾಲಿಗೆ ನಲವತ್ತು ಅಕ್ಷರದೊಳಗೆ. ಆ ಸಾಲು ಬದಲಿಸುವ ಗುಂಡಿ ಒತ್ತುವವರು ಕಡೆಯ ಎರಡು ವಾರ ದಿನವೂ ತಾಲೀಮಿಗೆ ಬರಲಿ. ನಟ ಮಾತಾಡುವ ಮುನ್ನವೇ ನಗೆಯ ಸಾಲು ಪರದೆಗೆ ಬಂದರೆ ಸಭಾಂಗಣದ ಅರ್ಧ ಜನ ಮೊದಲು ನಗುತ್ತಾರೆ, ಉಳಿದರ್ಧಕ್ಕೆ ಮಾತು ಕೇಳಿಸುವುದಿಲ್ಲ. ಆ ಒಂದು ಸಾಲನ್ನು ಮಾತು ಮುಗಿದ ಕ್ಷಣಕ್ಕೆ ಒತ್ತಲು ಪ್ರತಿಯಲ್ಲಿ ಕೆಂಪು ಗುರುತು ಹಾಕಿಡಿ.